ಕೂರುವುದಕ್ಕೊಂದು ಕಟ್ಟೆ

ಕಾರಿನ ಹಿಂದಿನ ಸೀಟಿನ ನಟ್ಟನಡುವೆ ಕೂತಿದ್ದ ಅಶ್ವತ್ಥಪ್ಪನಿಗೆ ಮೊಣಕಾಲುಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಎಡಕ್ಕೆ ಬೆಂಗಳೂರಿನ ಕಂಪನಿಯ ವಕೀಲೆ ಮಾನಸ, ಬಲಕ್ಕೆ ಫೈಲುಗಳನ್ನು ತುಂಬಿಕೊಂಡು ಉಬ್ಬಿದ ಒಂದು ಬ್ಯಾಗು. ಬ್ಯಾಗಿಗೆ ಕಿಟಕಿ ಸಿಕ್ಕಿತ್ತು. ಮುಂದೆ ಅವನ ಯಜಮಾನ ಚಂದ್ರಮೋಹನ್ ತಾನೇ ಕಾರು ಓಡಿಸುತ್ತಿದ್ದ; ಪಕ್ಕದಲ್ಲಿ ಬೆಂಗಳೂರಿನವರ ಆಡಿಟರ್ ಶ್ರೀಧರ್. ಕೋಲಾರ ಬಿಟ್ಟು ಶ್ರೀನಿವಾಸಪುರದ ರಸ್ತೆಗೆ ತಿರುಗಿದಾಗಿನಿಂದ ಅವರಿಬ್ಬರೂ ಯಲ್ದೂರಿನ ಮಾವಿನ ತೋಟದ ಮಾತೇ ಆಡುತ್ತಿದ್ದರು. ಮಣ್ಣು ಎಂಥದ್ದು, ಮೇನ್ ರೋಡಿಗೆ ಎಷ್ಟು ದೂರ, ಮರ ಕಡಿಯಲು ಯಾರ ಅನುಮತಿ ಬೇಕು. ಆ ತೋಟದ ಮಾಲೀಕ ಹಿಂದೆ ಎರಡೂ ಕೈಗಳನ್ನು ತೊಡೆಯ ಸಂದಿಯಲ್ಲಿ ಅಡಗಿಸಿಕೊಂಡು ಕೂತಿದ್ದ. ಅಡಗಿಸಲು ಕಾರಣವಿತ್ತು. ಬಲಗೈಯ ಉಗುರುಗಳ ಸಂದಿಗೆ ಅರಿಶಿನ ಸೇರಿಕೊಂಡಿತ್ತು. ಬೆಳಿಗ್ಗೆ ಕಡ್ಡಿಯಲ್ಲಿ ಕೆರೆದರೂ ಹೋಗಿರಲಿಲ್ಲ. ನಿನ್ನೆ ಅವನು ಒಬ್ಬನೇ ತೋಟಕ್ಕೆ ಬಂದು, ತೆಂಗಿನ ನಾರು ಹಿಡಿದು ತಾಯಿಯ ಸಮಾಧಿಯನ್ನು ಉಜ್ಜಿದ್ದ. ಸಮಾಧಿ ಎಂದು ಗುರುತು ಸಿಗದ ಹಾಗೆ ಉಜ್ಜಿದ್ದ.

ಮಾಲೀಕ ಎಂದರೆ ಹೆಸರಿಗೆ. ಹದಿಮೂರು ವರ್ಷದ ಕೆಳಗೆ ರೈತನಲ್ಲದವನು ಬೇಸಾಯದ ಜಮೀನು ಕೊಳ್ಳುವಂತಿರಲಿಲ್ಲ, ಕಂಪನಿಯಂತೂ ಕೇಳಲೇಬೇಡಿ. ಸೈಟು ಮಾಡಿ ಮಾರುವ ಚಂದ್ರಮೋಹನನ ನೆಲಸಿರಿ ಕಂಪನಿಯಲ್ಲಿ ಕಾಗದದ ಮೇಲೆ ರೈತನಾಗಿದ್ದವನು ಒಬ್ಬನೇ, ಕ್ಯಾಲನೂರಿನಲ್ಲಿ ಇಪ್ಪತ್ತು ಗುಂಟೆ ರಾಗಿ ಹೊಲವಿದ್ದ ಅಶ್ವತ್ಥಪ್ಪ. "ನಿನ್ ಹೆಸ್ರು ಸ್ವಲ್ಪ ಕೊಡಪ್ಪ" ಎಂದು ಚಂದ್ರಮೋಹನ್ ಕೇಳಿದ್ದು, ಪಕ್ಕದವನ ಜೇಬಿನ ಪೆನ್ನು ಕೇಳಿದ ಹಾಗೆ. ಕೊಟ್ಟ. ಪೆನ್ನಾಗಿದ್ದರೆ ವಾಪಸು ಬರುತ್ತಿತ್ತು. ದುಡ್ಡೆಲ್ಲ ಕಂಪನಿಯದು, ಆದರೆ ಸಂಬಳದ ಮನುಷ್ಯನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಹೇಳಲು ಒಂದು ಉತ್ತರ ಬೇಕಿತ್ತು. ಟೊಮ್ಯಾಟೊ ಎಂದು ಬರೆಸಿದರು. ಕೋಲಾರ ಜಿಲ್ಲೆಯಲ್ಲಿ ಟೊಮ್ಯಾಟೊ ಎಂದ ಮೇಲೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ರೇಟು ಸಿಕ್ಕಿದವನು ಮಹಡಿ ಮನೆ ಕಟ್ಟಿಸಿರುತ್ತಾನೆ, ಸಿಗದವನು ರಸ್ತೆಗೆ ಸುರಿದಿರುತ್ತಾನೆ. ಯಾರಿಗೆ ಯಾವ ವರ್ಷ ಏನಾಯಿತೆಂದು ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಅಶ್ವತ್ಥಪ್ಪ ಜೀವಮಾನದಲ್ಲಿ ಒಂದು ಟೊಮ್ಯಾಟೊ ಸಸಿ ನೆಟ್ಟವನಲ್ಲ. ಆದರೂ ಮದುವೆ ಮನೆಗಳಲ್ಲಿ ಜನ ಹುಡುಕಿಕೊಂಡು ಬಂದು ಪಕ್ಕದ ಎಲೆಗೆ ಕೂತು, ಆವಾಗ ಯಾವ ತಳಿ ಹಾಕಿದ್ರಿ, ಔಷಧಿ ಏನು ಹೊಡೆದ್ರಿ ಎಂದು ಕೇಳುತ್ತಿದ್ದರು. ಅವನು ಎಲೆಯ ಮೇಲಿನ ಕೋಸಂಬರಿಯನ್ನು ನೋಡುತ್ತ, ಎಲ್ಲಾ ಅದೃಷ್ಟ ಬಿಡಿ ಎನ್ನುತ್ತಿದ್ದ. ಜನಕ್ಕೆ ಆ ವಿನಯ ಬಹಳ ಹಿಡಿಸಿತು.

"ಅಂಕಲ್, ಇದೆಲ್ಲ ಕೇಳ್ಬೇಕು ಅಂತ ಕೇಳೋದು ಅಷ್ಟೆ." ಮಾನಸ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. "ಹೌದು, ಇಲ್ಲ ಅಂದ್ರೆ ಸಾಕು. ತೋಟ ತಗೊಂಡಿದ್ದು ನಿಮ್ಮ ಸ್ವಂತ ದುಡ್ಡಲ್ಲಿ ಅಲ್ವಾ?"

"ಹೌದಮ್ಮ."

"ಬೇರೆಯೋರ ದುಡ್ಡು ಏನೂ ಸೇರಿಲ್ಲ."

ಮುಂದಿನ ಕನ್ನಡಿಯಲ್ಲಿ ಚಂದ್ರಮೋಹನನ ಕಣ್ಣು ಒಮ್ಮೆ ಹಿಂದಕ್ಕೆ ಬಂದು ಮತ್ತೆ ರಸ್ತೆಗೆ ಹೋಯಿತು.

"ಇಲ್ಲ."

"ಸಂಪಾದನೆ ಯಾವುದ್ರಿಂದ?"

"ಟೊಮ್ಯಾಟೊ."

ಅವಳು ಟೊಮ್ಯಾಟೊ ಎಂದು ಒತ್ತಿದಳು. ಮುಖದಲ್ಲಿ ನಗು ಇರಲಿಲ್ಲ, ಅನುಮಾನವೂ ಇರಲಿಲ್ಲ. ಕಾರಿನಲ್ಲಿದ್ದ ನಾಲ್ವರಿಗೂ ನಿಜ ಗೊತ್ತಿತ್ತು. ಬೆಂಗಳೂರಿನ ದೊಡ್ಡ ಕಂಪನಿ ನೆಲಸಿರಿಯನ್ನು ಇಡಿಯಾಗಿ, ಷೇರು, ಸಾಲ, ಮಾಲೂರಿನ ಲೇಔಟು, ಆಫೀಸಿನ ಕುರ್ಚಿ ಮೇಜಿನ ಸಮೇತ ಕೊಂಡುಕೊಳ್ಳುತ್ತಿತ್ತು. ಅದಕ್ಕೆ ಮುಂಚೆ ತೋಟ ಅಶ್ವತ್ಥಪ್ಪನ ಹೆಸರಿನಿಂದ ನೆಲಸಿರಿಯ ಹೆಸರಿಗೆ ಬರಬೇಕು. ತೋಟ ಮೊದಲಿಂದಲೂ ಕಂಪನಿಯದೇ ಎಂದು ಬಾಯಿಬಿಟ್ಟರೆ ಅದು ಬೇನಾಮಿ. ಸರ್ಕಾರ ಮುಟ್ಟುಗೋಲು ಹಾಕಬಹುದು, ಎಲ್ಲರೂ ಕೋರ್ಟು ಅಲೆಯಬೇಕು. ಅಶ್ವತ್ಥಪ್ಪನದೇ, ಈಗ ಕಾನೂನು ಸಡಿಲವಾಗಿರುವುದರಿಂದ ಕಂಪನಿಗೆ ಮಾರುತ್ತಿದ್ದಾನೆ ಎಂದರೆ ಎಲ್ಲವೂ ಸಲೀಸು. ಮಾರಿದ ದುಡ್ಡು ಅವನ ಖಾತೆಗೆ ಬಂದು, ಅವನು ಯಜಮಾನನಿಗೆ ಕೈಸಾಲ ಕೊಟ್ಟ ಲೆಕ್ಕದಲ್ಲಿ ಅದೇ ವಾರ ಚಂದ್ರಮೋಹನನ ಖಾತೆಗೆ ಹೋಗುತ್ತದೆ. ಅವನಿಗೆ ಉಳಿಯುವುದು ಮಾಲೂರಿನ ಲೇಔಟಿನಲ್ಲಿ ಒಂದು ಸೈಟು. ಹೀಗೆ, ಇಷ್ಟು ವರ್ಷ ಅವನು ಒಬ್ಬನೇ ಹೊತ್ತು ತಿರುಗಿದ ಸುಳ್ಳಿಗೆ ಈಗ ಓದಿದವರು ಬಂದು ಹೆಗಲು ಕೊಡುತ್ತಿದ್ದರು. ಅವನಿಗೆ ನೆಮ್ಮದಿಯಾಗಬೇಕಿತ್ತು.

"ಜಮೀನಲ್ಲಿ ಗುಡಿ, ಸಮಾಧಿ, ಹುತ್ತ, ಊರೋರು ಓಡಾಡೋ ದಾರಿ, ಅಂಥದ್ದೇನಾದ್ರೂ?"

"ಏನೂ ಇಲ್ಲ ಮೇಡಂ," ಎಂದು ಮುಂದಿನಿಂದಲೇ ಚಂದ್ರಮೋಹನ್ ಉತ್ತರಿಸಿದ. "ಹೋದ ವಾರಾನೇ ಇವನನ್ನ ಕೂರಿಸ್ಕೊಂಡು ಕೇಳಿದೀನಿ."

"ಇದ್ರೆ ಇವತ್ತೇ ಹೇಳ್ಬಿಡಿ ಸಾರ್," ಎಂದ ಶ್ರೀಧರ್. "ಇವತ್ತು ಹೇಳಿದ್ರೆ ಬೆಲೇಲಿ ಒಂದಿಷ್ಟು ಕಳೀತಾರೆ, ಅಷ್ಟೆ. ಇಲ್ಲ ಅಂತ ಬರ್ಕೊಟ್ಟು ಆಮೇಲೆ ಸಿಕ್ಕಿದ್ರೆ ನಷ್ಟ ಪೂರ್ತಿ ನಿಮ್ ತಲೆ ಮೇಲೆ. ಅದಕ್ಕೇ ಅಲ್ವಾ ನಿಮ್ ದುಡ್ಡಲ್ಲಿ ಒಂದು ಪಾಲು ಎರಡು ವರ್ಷ ಬ್ಯಾಂಕಲ್ಲಿ ಕಟ್ಟಿಹಾಕೋದು."

ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಹೆಂಡತಿ ವೆಂಕಟರತ್ನಮ್ಮನೂ ಇದನ್ನೇ ಹೇಳಿದ್ದಳು, ಬೇರೆ ಮಾತಿನಲ್ಲಿ. ಇವತ್ತು ಹೇಳ್ಬಿಡಿ. ಆ ವಕೀಲೆ ಹುಡ್ಗಿ ನಮ್ ಕಡೆ ಬೈರಕೂರಿನೋಳು ಅಂತೀರಿ, ಅವ್ರ ಹೊಲದಾಗೂ ಸಮಾಧಿ ಇರ್ತವೆ, ಅವ್ಳಿಗೆ ಅರ್ಥ ಆಗ್ತದೆ. ಎರಡು ಗುಂಟೆ ಬಿಟ್ಕೊಡಿ ಅಂದ್ರೆ ಬಿಡ್ತಾರೆ. ಅವನು ಹೂಂ ಎಂದಿದ್ದ. "ಹೂಂ ಅನ್ಬೇಡಿ. ಹೇಳ್ತೀನಿ ಅನ್ನಿ." "ಹೇಳ್ತೀನಿ." ಈಗ ಹೇಳಬಹುದಿತ್ತು. ಕಾರು ಶ್ರೀನಿವಾಸಪುರ ದಾಟುತ್ತಿತ್ತು, ಬಾಯಿ ತೆರೆದರೆ ಸಾಕಿತ್ತು. ಆದರೆ ಅವನಿಗೆ ಮಾಲೂರು ನೆನಪಾಯಿತು. ಅಲ್ಲಿಯ ಲೇಔಟಿನ ನೆಲದಲ್ಲಿ ಹಳೆಯ ಸಮಾಧಿಗಳು ಸಿಕ್ಕಾಗ ನಿಂತು ತೆಗೆಸಿದವನು ಅವನೇ. ಹೇಳಿದ್ದರು ಆ ಮನೆಯವರು, ಬಾಯಿಬಿಟ್ಟು ಹೇಳಿದ್ದರು, ನಮ್ಮ ಅಜ್ಜ ಅಜ್ಜಿ ಇದಾರೆ ಎಂದು. ಅದಕ್ಕೇ ಮರುದಿನ ಜೆಸಿಬಿ ಬಂತು. ಸಿಕ್ಕಿದ್ದನ್ನು ಗೊಬ್ಬರದ ಚೀಲಕ್ಕೆ ತುಂಬಿ ಹಿರಿಯ ಮೊಮ್ಮಗನ ಕೈಗೆ ಕೊಟ್ಟದ್ದಾಯಿತು. ಆ ಮನುಷ್ಯ ಚೀಲ ನೋಡಿ, ಒಂದು ಬಟ್ಟೆ ಇದ್ರೆ ಕೊಡಿ ಎಂದ. ಅಶ್ವತ್ಥಪ್ಪ ಹೆಗಲ ಟವೆಲ್ ಕೊಟ್ಟ. ಲೆಕ್ಕದಲ್ಲಿ ಅದು ನೆಲ ಸಮ ಮಾಡಿಸಿದ ಖರ್ಚು ಎಂದು ಹೋಯಿತು, ಟವೆಲ್ ಒಂದು ಬಿಟ್ಟು.

ಅವನ ತಾಯಿ ಆದಿಲಕ್ಷ್ಮಮ್ಮ ಕ್ಯಾಲನೂರಿನಲ್ಲಿ ಕಂಡವರ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ದು ಬೆನ್ನು ಬಗ್ಗಿಸಿಕೊಂಡವಳು. ಮಧ್ಯಾಹ್ನ ಬದುವಿನ ಮೇಲೆ ಕೂತು ಮುದ್ದೆ ಬಿಚ್ಚಿದರೆ ಯಾರೋ ಒಬ್ಬರು ಬಂದು ಎದ್ದೇಳಮ್ಮ ಎನ್ನುವರು. ನೀರು ಬಿಡಬೇಕು ಎಂದೋ, ಯಜಮಾನರು ಬರುತ್ತಾರೆ ಎಂದೋ. ಗಂಡ ಸತ್ತ ಮೇಲೆ ಮೈದುನನ ಜಗಲಿಯಲ್ಲಿ ಎದ್ದೇಳು, ಬಸ್ಸಿನಲ್ಲಿ ಎದ್ದೇಳು, ಆಸ್ಪತ್ರೆಯ ಬೆಂಚಿನಲ್ಲಿ ಎದ್ದೇಳು. ಗಂಡನ ಸಮಾಧಿಯನ್ನೂ ಉಳಿಸಲಿಲ್ಲ. ಅದು ದಾಯಾದಿಗಳ ಪಾಲಿಗೆ ಬಂದು, ಟ್ರ್ಯಾಕ್ಟರ್ ಹೊಡೆದು ಹುರುಳಿ ಬಿತ್ತಿದರು. ಕೊನೆಯ ಬೇಸಿಗೆಯಲ್ಲಿ ಗಾಳಿ ಬದಲಾಗಲೆಂದು ಅವನು ಅವಳನ್ನು ಯಲ್ದೂರಿನ ತೋಟಕ್ಕೆ ಕರೆತಂದು ದೊಡ್ಡ ಮಾವಿನ ಮರದ ಕೆಳಗೆ ಕೂರಿಸುತ್ತಿದ್ದ. ಅವಳು ಬಹಳ ಹೊತ್ತು ಸುಮ್ಮನೆ ಕೂತು, ಯಾರೂ ಬರದಿರುವುದನ್ನು ನೋಡಿ, "ನಾಯ್ನಾ, ಇದು ದಿಟವಾಗ್ಲೂ ನಮ್ದೇನಾ?" ಎಂದು ಕೇಳಿದಳು. "ಪಹಣೀಲಿ ನನ್ನ ಹೆಸ್ರೇ ಐತಲ್ಲಮ್ಮ." ಅದು ಸುಳ್ಳಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಅಲ್ಲಿ ಅದೇ ಇತ್ತು. "ಟೊಮ್ಯಾಟೊ ಅದ್ಯಾವಾಗ ಬೆಳ್ದೆ, ನಂಗೆ ಗೊತ್ತಾಗ್ದಂಗೆ?" ಎಂದು ಮತ್ತೊಂದು ದಿನ ಕೇಳಿದಳು. ಅವನು ನಕ್ಕ. ಅವಳು ನಗಲಿಲ್ಲ. ಮತ್ತೂ ಒಂದು ದಿನ, ಏಳಲಾರದ ಸ್ಥಿತಿಗೆ ಬಂದಾಗ, "ನಂದಾದ ಮೇಲೆ ಆ ಮರದ ಕೆಳಗೇ ಹಾಕ್ಬಿಡು ನಾಯ್ನಾ. ಯಾರೂ ಎದ್ದೇಳು ಅನ್ನಲ್ಲ ಅಲ್ಲಿ" ಎಂದಳು. ಇಲ್ಲಮ್ಮ, ಅದು ಕಂಪನಿ ನೆಲ ಎಂದು ಹೇಳಲು ಅದು ಸಮಯವಲ್ಲ ಎನಿಸಿತು. ಆಮೇಲೆ ಸಮಯವಿರಲಿಲ್ಲ. ಬಂದ ನೆಂಟರೆಲ್ಲ ಮರದ ಕೆಳಗೆ ನಿಂತು, ಸ್ವಂತ ತೋಟದಾಗೆ ಮಲಗೋ ಪುಣ್ಯ ಎಷ್ಟು ಜನಕ್ಕುಂಟು ಎಂದು ಅವನ ಕೈ ಹಿಡಿದರು. ಗ್ರಾನೈಟಿನ ಚಪ್ಪಡಿ ಹಾಕಿಸುವಾಗ ಕೆಲಸದವನು ಹೆಸರು ಕೆತ್ತಲೇ ಎಂದು ಕೇಳಿದ. ಬೇಡ, ನಮಗೆ ಗೊತ್ತಲ್ಲ ಎಂದ ಅಶ್ವತ್ಥಪ್ಪ. ಕಂಪನಿ ಆ ತೋಟವನ್ನು ಮರೆತೇಬಿಟ್ಟಿದೆ ಎಂದು ಅವನು ನಂಬಿದ್ದ. ಕಂಪನಿಗಳು ನೆಲ ಮರೆಯುವುದಿಲ್ಲವೆಂಬುದು ಹೋದ ತಿಂಗಳು ತಿಳಿಯಿತು.

ತೋಟದ ಗೇಟಿನಲ್ಲಿ ಇಳಿದಾಗ ಹೂವಿನ ವಾಸನೆ ಮುಖಕ್ಕೆ ಬಡಿಯಿತು. ಮರಗಳು ಮೈತುಂಬ ಹೂ ಬಿಟ್ಟಿದ್ದವು. ಶ್ರೀಧರ್ ಎರಡು ಸಲ ಸೀನಿ, ಕರವಸ್ತ್ರ ಮೂಗಿಗೆ ಹಿಡಿದು, ಇಷ್ಟೊಂದು ಮರ ಇದೆ ಅಂತ ಯಾರೂ ಹೇಳ್ಲಿಲ್ಲ ಎಂದ. ಕಾವಲುಗಾರನ ಶೆಡ್ಡಿಗೆ ಬೀಗ ಬಿದ್ದಿತ್ತು. ಕಾವಲುಗಾರನೂ ಅವನ ಹೆಂಡತಿ ಗಂಗಾಲಕ್ಷ್ಮಿಯೂ ಮಗಳನ್ನು ನೋಡಲು ಮುಳಬಾಗಿಲಿಗೆ ಹೋಗಿದ್ದಾರೆಂದು ನಿನ್ನೆಯೇ ತಿಳಿದು ಅಶ್ವತ್ಥಪ್ಪನಿಗೆ ಸಮಾಧಾನವಾಗಿತ್ತು; ಅವಳಿದ್ದಿದ್ದರೆ ಸುತ್ತಿಗೆ ಎತ್ತಲು ಆಗುತ್ತಿರಲಿಲ್ಲ. ಸಮಾಧಿಯ ತಲೆಯ ಕಡೆ ದೀಪ ಇಡುವ ಪುಟ್ಟ ಗೂಡೊಂದಿತ್ತು. ಅದನ್ನು ಒಡೆದು, ಒಡೆದ ಕಡೆ ಸಿಮೆಂಟು ಮೆತ್ತಿದ್ದ. ಮೂರು ಏಟಿಗೇ ಬಂತು. ಅಷ್ಟು ಸುಲಭವಾಗಿ ಬಂದದ್ದಕ್ಕೆ ಕಟ್ಟಿದವನ ಮೇಲೆ ಸಿಟ್ಟು ಬಂದಿತ್ತು, ಸಿಮೆಂಟು ಕದ್ದಿದಾನೆ ನನ್ಮಗ ಎಂದು ಬೈದುಕೊಂಡಿದ್ದ.

ಮಾನಸ ಒಂದೊಂದು ಗಡಿಕಲ್ಲಿಗೂ ನಕ್ಷೆ ಹಿಡಿದು ಎಲ್ಲ ಮೂಲೆ ಸುತ್ತಿದಳು. ಚುರುಕು ಹುಡುಗಿ. ಸೀಮೆಜಾಲಿ ಮುಳ್ಳು ಚುಚ್ಚಿದರೆ ತಾನೇ ಕಿತ್ತು ಎಸೆದು ಮುಂದೆ ನಡೆದಳು. ಅವಳ ಹಿಂದೆ ನಡೆಯುತ್ತ ಅಶ್ವತ್ಥಪ್ಪನಿಗೆ ಒಂದು ವಿಚಿತ್ರ ಆಸೆಯಾಯಿತು: ಇವಳೇ ಕಂಡುಹಿಡಿಯಲಿ. ತಾನು ಹೇಳುವುದು ಬೇಡ, ಇವಳು ನೋಡಿ, ಅರ್ಥ ಮಾಡಿಕೊಂಡು, ಬೈದುಬಿಡಲಿ. ದೊಡ್ಡ ಮರದ ಹತ್ತಿರ ಬಂದಾಗ ಅವಳು ನಿಂತಳು. ನೆರಳಿನಲ್ಲಿ ಆರಡಿ ಉದ್ದದ ಕಪ್ಪು ಚಪ್ಪಡಿ, ಕೆಳಗೆ ಸಿಮೆಂಟಿನ ಗೋಡೆ, ಒಂದು ತುದಿಯಲ್ಲಿ ಇನ್ನೂ ಹಸಿಯಾಗಿದ್ದ ತೇಪೆ. ಅವಳು ಚಪ್ಪಡಿಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಅಂಕಲ್, ಇದು ಸಮಾಧಿನಾ?"

ಕಾರಿನಲ್ಲಿ ದುಡ್ಡು ನಿಮ್ಮದೇನಾ ಎಂದು ಕೇಳಿದ್ದಳಲ್ಲ, ಅದೇ ದನಿ. ಗೊತ್ತಿಲ್ಲದೆ ಕೇಳುತ್ತಿದ್ದಾಳೋ, ಗೊತ್ತಿದ್ದೂ ತಕ್ಕ ಉತ್ತರ ಬರಲೆಂದು ಕೇಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಹಿಂದೆ ಚಂದ್ರಮೋಹನನ ಬೂಟಿನ ಸದ್ದು ನಿಂತಿತು. ಅಮ್ಮಾ ಎಂದು ಶುರುಮಾಡಿದರೆ ಮುಂದಿನದು ತಾನಾಗಿ ಬರುತ್ತದೆ ಎನಿಸಿ, "ಅಮ್ಮಾ" ಎಂದ. ಅವಳು ಕಾದಳು.

"ಅಲ್ಲಮ್ಮ," ಎಂದ ಅವನು. "ಕಟ್ಟೆ. ಕೂತ್ಕೊಳ್ಳೋಕೆ ಮಾಡ್ಸಿದ್ದು."

"ನಮ್ಮೂರ ಕಡೆ ಇಂಥದ್ದು ಅಂದ್ರೆ ಬೇರೇನೇ."

"ಗೊತ್ತಮ್ಮ."

"ಸಿಮೆಂಟು ಹಸಿ ಐತಲ್ಲ."

"ಬಿರುಕು ಬಿಟ್ಟಿತ್ತು."

ಅವಳು ಇನ್ನೊಂದು ಗಳಿಗೆ ನಿಂತು, "ಸರಿ, ಇಂಥ ವಿಷ್ಯದಲ್ಲಿ ಯಾರು ಸುಳ್ಳು ಹೇಳ್ತಾರೆ" ಎಂದು, ಚಪ್ಪಡಿಯ ಮೇಲೆ ಬಿದ್ದಿದ್ದ ಮಾವಿನ ಹೂವನ್ನು ನಕ್ಷೆಯಿಂದ ಗುಡಿಸಿ, ಕೂತಳು. "ಅಬ್ಬಾ, ತಂಪಾಗಿದೆ. ಬನ್ನಿ ಶ್ರೀಧರ್." ಶ್ರೀಧರ್ ಬಂದು ಕೂತ. ಚಂದ್ರಮೋಹನ್ ಒಂದು ಕಾಲು ಚಪ್ಪಡಿಯ ಮೇಲಿಟ್ಟು ಬೂಟಿನ ದಾರ ಬಿಗಿದುಕೊಂಡ, ಆಮೇಲೆ ಇನ್ನೊಂದು ಕಾಲು. ನಂತರ ಕಾರಿನಿಂದ ಊಟದ ಪೊಟ್ಟಣಗಳನ್ನು ತಂದು ಬಿಚ್ಚಿದ. ಚಿತ್ರಾನ್ನ, ವಡೆ, ಬಾಳೆಹಣ್ಣು. ಪೊಟ್ಟಣಗಳನ್ನು ಅವನು ತಲೆಯ ಕಡೆಗೇ ಇಟ್ಟ, ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅಶ್ವತ್ಥಪ್ಪ ಎಡೆ ಇಡುವ ಜಾಗದಲ್ಲೇ. ವಡೆಯೂ ಅವಳಿಗೆ ಇಷ್ಟವಾದದ್ದೇ. ಅದು ಹಲ್ಲಿಲ್ಲದ ಬಾಯಲ್ಲಿ ನೆನೆಯುವ ತನಕ ಕಾಯುತ್ತಿದ್ದಳು, ಅಷ್ಟು ಹೊತ್ತೂ ಮಾತಾಡುತ್ತಿರಲಿಲ್ಲ. ಅವನಿಗೆ ದುಃಖ ಬರಲಿಲ್ಲ. ನಾಚಿಕೆಯೂ ಅಲ್ಲ. ಹೊಟ್ಟೆ ಹಸಿದಿತ್ತು, ಅದೇ ಅವನಿಗೆ ಅಸಹ್ಯವಾದದ್ದು.

"ನೀವೂ ಕೂತ್ಕೊಳ್ಳಿ ಅಂಕಲ್. ಜಾಗ ಇದೆ."

"ಬ್ಯಾಡಮ್ಮ. ಕಾರಲ್ಲಿ ಕೂತು ಕೂತು ಸೊಂಟ ಹಿಡ್ಕೊಂಡೈತೆ. ನಿಂತ್ರೇ ಆರಾಮು."

"ಕೂತ್ಕೊಳ್ಳಯ್ಯ, ನಿನ್ ತೋಟಾನೇ ಅಲ್ವಾ," ಎಂದ ಚಂದ್ರಮೋಹನ್. ಉಳಿದಿಬ್ಬರೂ ನಕ್ಕರು.

ಅವನು ಎಲೆ ಹಿಡಿದು ನಿಂತೇ ತಿಂದ. ಎರಡನೇ ತುತ್ತಿಗೆ ಗೇಟಿನ ಕಡೆಯಿಂದ ಗಂಗಾಲಕ್ಷ್ಮಿ ಬರುವುದು ಕಾಣಿಸಿತು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಬಾಳೆಯೆಲೆಯ ಪೊಟ್ಟಣ ಹಿಡಿದು. ಇವತ್ತು ಮಂಗಳವಾರ. ಅವನಿಗೆ ಅದು ಮರೆತೇಹೋಗಿತ್ತು. ಮಂಗಳವಾರ ಅಮ್ಮನಿಗೆ ಕನಕಾಂಬರ ಇಟ್ಟು ದೀಪ ಹಚ್ಚಲು ಎಣ್ಣೆಗೂ ಹೂವಿಗೂ ಅವನೇ ದುಡ್ಡು ಕೊಡುತ್ತಿದ್ದ. ಅದಕ್ಕೆಂದೇ ಅವಳು ಮಗಳ ಮನೆಯಿಂದ ಬಂದಿದ್ದಾಳೆ. ಮರದ ಹತ್ತಿರ ಬರುತ್ತ ಅವಳು ಚಪ್ಪಲಿ ಬಿಟ್ಟಳು. ಬಿಟ್ಟಮೇಲೆ ನೋಡಿದಳು. ಬರಿಗಾಲಲ್ಲಿ ನಿಂತು, ಕೂತ ಇಬ್ಬರನ್ನೂ, ಊಟದ ಪೊಟ್ಟಣಗಳನ್ನೂ, ದೀಪದ ಗೂಡಿದ್ದ ಕಡೆಯ ತೇಪೆಯನ್ನೂ ಒಂದೊಂದಾಗಿ ನೋಡಿದಳು. ಕೊನೆಗೆ ಅವನ ಕಡೆ ತಿರುಗಿದಳು. ಅವಳ ಬಾಯಿ ತೆರೆಯುತ್ತಿತ್ತು.

"ಹೂವು ಮೇಡಂಗೆ ಕೊಡು," ಎಂದ ಅಶ್ವತ್ಥಪ್ಪ.

"ಯಾರಿಗೆ?"

"ಮೇಡಂಗೆ. ಅವ್ರಿಗೇ ತರಿಸಿದ್ದು."

ಗಂಗಾಲಕ್ಷ್ಮಿ ಕೊಟ್ಟಳು. ಅವನ ಮುಖ ನೋಡುತ್ತಲೇ ಕೈ ಚಾಚಿ ಕೊಟ್ಟಳು. ಮಾನಸ, ಅಯ್ಯೋ ಇದೆಲ್ಲ ಯಾಕೆ ಅಂಕಲ್ ಎಂದರೂ ಅವಳಿಗೆ ಸಂತೋಷವಾದದ್ದು ಕಾಣುತ್ತಿತ್ತು. ನಮ್ಮಜ್ಜಿ ದಿನಾ ಕಟ್ಟೋರು, ಬೆಂಗಳೂರಲ್ಲಿ ಇಂಥ ಕನಕಾಂಬರ ಎಲ್ಲಿ ಸಿಗ್ಬೇಕು ಎಂದು ಜಡೆಗೆ ಸಿಕ್ಕಿಸಿಕೊಂಡಳು. ಒಂದು ಎಸಳು ಉದುರಿ ಚಪ್ಪಡಿಯ ಮೇಲೆ ಬಿತ್ತು. ಅದಾದರೂ ಅಲ್ಲಿರಲಿ ಎಂದು ಅವನು ಅದನ್ನೇ ನೋಡುತ್ತಿದ್ದ. ಶ್ರೀಧರ್ ಕೈ ಒರೆಸಿಕೊಂಡು ನಕ್ಷೆ ಹರಡಿದಾಗ ಅದೂ ಅಡಿಗೆ ಹೋಯಿತು.

"ಮೇಡಂ, ಇಲ್ಲಿ ನೋಡಿ. ಈ ಭಾಗಕ್ಕೆ ಪಾರ್ಕು ಬರುತ್ತೆ. ಸೈಟ್ ಅಲ್ಲ."

"ಹಾಗಿದ್ರೆ ಈ ಮರ ಕಡಿಯೋದು ಬೇಡ. ಕಟ್ಟೇನೂ ಹಾಗೇ ಬಿಡ್ಬಹುದು. ವಾಕಿಂಗ್ ಬಂದೋರು ಕೂತ್ಕೋತಾರೆ, ಚೆನ್ನಾಗಿರುತ್ತೆ." ಅವಳು ಅಶ್ವತ್ಥಪ್ಪನ ಕಡೆ ತಿರುಗಿದಳು. "ನೀವು ಮಾಡ್ಸಿದ್ದು ಉಳಿಯುತ್ತೆ ಅಂಕಲ್. ನಾನೇ ಬರೀತೀನಿ." ಮುದ್ರಿಸಿ ತಂದಿದ್ದ ಹೇಳಿಕೆಯಲ್ಲಿ, ಸದರಿ ಜಮೀನಿನಲ್ಲಿ ಗುಡಿ, ಸಮಾಧಿ, ಹುತ್ತ ಇತ್ಯಾದಿ ಏನೂ ಇರುವುದಿಲ್ಲ ಎಂಬ ಸಾಲಿನ ಮುಂದೆ ಪೆನ್ನಿನಿಂದ ದುಂಡಗೆ ಸೇರಿಸಿ, ಗಟ್ಟಿಯಾಗಿ ಓದಿದಳು: "ಮಾವಿನ ಮರದಡಿ ಕೂರಲು ಮಾಡಿಸಿದ ಒಂದು ಕಲ್ಲುಕಟ್ಟೆ ಇದ್ದು, ಅದನ್ನು ಈಗಿರುವಂತೆಯೇ ಉಳಿಸಿಕೊಳ್ಳತಕ್ಕದ್ದು."

ಅಶ್ವತ್ಥಪ್ಪನಿಗೆ ಆ ವಾಕ್ಯ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಉಳಿಯುತ್ತದೆ. ಜೆಸಿಬಿ ಬರುವುದಿಲ್ಲ, ಗೊಬ್ಬರದ ಚೀಲವಿಲ್ಲ, ಯಾರ ಟವೆಲೂ ಬೇಡ. ಸಮಾಧಿ ಎಂದಿದ್ದರೆ ಬೆಲೆ ಇಳಿದು, ಚಂದ್ರಮೋಹನ್ ಕೂಗಾಡಿ, ವಾರದೊಳಗೆ ತೆಗೆಸುತ್ತಿದ್ದ. ತೆಗೆಸಲು ಕಳಿಸುತ್ತಿದ್ದದ್ದೂ ಇವನನ್ನೇ. ಕಟ್ಟೆ ಎಂದದ್ದಕ್ಕೆ ಉಳಿಯಿತು. ಒಂದು ಕಂಪನಿ ಇನ್ನೊಂದು ಕಂಪನಿಗೆ ಬರೆದುಕೊಡುವ ಕರಾರಿನಲ್ಲೇ ಉಳಿಯಿತು. ಅಮ್ಮ ಕೇಳಿದ್ದು ಇದೇ ತಾನೆ, ಯಾರೂ ಎದ್ದೇಳು ಅನ್ನಬಾರದು ಎಂದು. ಇನ್ನು ಯಾರೂ ಅನ್ನುವುದಿಲ್ಲ. ಅವನಿಗೆ ಎದೆ ಹಗುರವಾಗಬೇಕಿತ್ತು, ಆಯಿತು ಕೂಡ. ಆದದ್ದಕ್ಕೇ ತನ್ನ ಮೇಲೆ ಅವನಿಗೆ ಹೇಸಿಗೆ ಹುಟ್ಟಿತು.

ನಿಂತುಕೊಂಡೇ ಬಗ್ಗಿ ಕಾಗದವನ್ನು ಚಪ್ಪಡಿಯ ತುದಿಗಿಟ್ಟು ಸಹಿ ಹಾಕಿದ. ಶ್ರೀಧರ್ ಅದನ್ನು ಹಳೆಯ ಕ್ರಯಪತ್ರದ ಪಕ್ಕ ಹಿಡಿದು ನೋಡಿ ತಲೆಯಾಡಿಸಿದ. "ತಾಳೆ ಆಗ್ತಿಲ್ಲ. ಇದು ಅಲ್ಲಾಡಿದೆ. ಬ್ಯಾಂಕಿನೋರು ಒಪ್ಪಲ್ಲ." ಮಾನಸ ಇನ್ನೊಂದು ಪ್ರತಿ ತೆಗೆದು ಕಟ್ಟೆಯ ಸಾಲನ್ನು ಮತ್ತೆ ತುಂಬಿದಳು. ಎರಡನೆಯದೂ ಅಲ್ಲಾಡಿತು.

"ನಿಂತ್ಕೊಂಡು ಹಾಕಿದ್ರೆ ಇನ್ನೇನಾಗುತ್ತೆ," ಎಂದ ಚಂದ್ರಮೋಹನ್. "ಕೂತ್ಕೊಂಡು ಸರಿಯಾಗಿ ಹಾಕಪ್ಪ. ಇನ್ನು ಎಷ್ಟು ಕಾಗದ ಹಾಳ್ ಮಾಡ್ತೀಯ?"

ಮಾನಸ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಜಡೆಯ ಕನಕಾಂಬರ ಅವನ ಮುಖದ ಹತ್ತಿರವೇ ಇತ್ತು. ದೂರದಲ್ಲಿ ಗಂಗಾಲಕ್ಷ್ಮಿ ಬರಿಗಾಲಲ್ಲೇ ನಿಂತಿದ್ದಳು. ಅಶ್ವತ್ಥಪ್ಪ ಕೂತ. ಮೊದಲು ತುದಿಯಲ್ಲಿ, ಆಮೇಲೆ ಕಾಗದ ಇಡಲು ತೊಡೆ ಸರಿಯಾಗಬೇಕಾದ್ದರಿಂದ ಪೂರ್ತಿ. ಕಲ್ಲು ತಂಪಾಗಿತ್ತು. ಮಾವಿನ ಹೂವಿನ ರಸ ಹೀರುವ ಜಿಗಿಹುಳುಗಳ ಅಂಟು ಮೇಲಿಂದ ಉದುರಿ ಅಲ್ಲಲ್ಲಿ ಕೈಗೆ ಹತ್ತುತ್ತಿತ್ತು. ಬೇಸಿಗೆಯಲ್ಲಿ ಅಮ್ಮ ಕೂರುತ್ತಿದ್ದದ್ದು ಇದೇ ಕಡೆ, ಎದುರಿಗೆ ಇದೇ ಗೇಟು ಕಾಣುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು, ಯಾರಾದರೂ ಬಂದಾರೇನೋ ಎಂದು. ಅವನು ಸಹಿ ಹಾಕಿದ. ಶ್ರೀಧರ್ ಪಕ್ಕಪಕ್ಕ ಹಿಡಿದು ನೋಡಿ, "ಈಗ ನೋಡಿ, ಪಕ್ಕಾ" ಎಂದ.

ಅವರು ಹೊರಟಾಗ ಕಾರಿನಲ್ಲಿ ಜಾಗದ ಮಾತು ಬಂತು. ನೇರ ಬೆಂಗಳೂರಿಗೆ ಹೋಗಬೇಕು, ಇವತ್ತೇ ಕಾಗದ ಮುಟ್ಟಿಸಬೇಕು, ಮೇಡಂಗೆ ಕಾಲು ಚಾಚಲು ಆಗಬೇಕು. "ನೀನು ಬಸ್ಸಲ್ಲಿ ಹೋಗ್ಬಿಡ್ತೀಯಲ್ಲ?" ಎಂದು ಚಂದ್ರಮೋಹನ್ ಕೇಳಿ, ಉತ್ತರಕ್ಕೆ ಕಾಯದೆ ಗಾಡಿ ತಿರುಗಿಸಿದ. ಕಿಟಕಿಯಿಂದ ಮಾನಸ ಕೈ ಬೀಸಿದಳು. ಅಶ್ವತ್ಥಪ್ಪ ಕೂತಲ್ಲಿಂದಲೇ ಕೈ ಎತ್ತಿದ. ಎದ್ದು ಗೇಟಿನ ತನಕ ಹೋಗಬೇಕಿತ್ತು, ಆದರೆ ಎದ್ದರೆ ಏನು ಮಾಡುವುದೆಂದು ತಿಳಿಯದೆ ಕೂತೇ ಇದ್ದ. ಧೂಳು ಕೆಳಗಿಳಿದ ಮೇಲೆ ಗಂಗಾಲಕ್ಷ್ಮಿ ಬಿಂದಿಗೆಯಲ್ಲಿ ನೀರು ತಂದಳು, ಕಂಕುಳಲ್ಲಿ ಪೊರಕೆ. ಎಲೆ, ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಗುಡಿಸಿ ಒಂದು ಕಡೆ ಹಾಕಿದಳು. ಅವನು ಕೂತಿದ್ದ ಕಡೆ ಬಂದು ನಿಂತಳು.

"ಎದ್ದೇಳಣ್ಣ. ತೊಳೀಬೇಕು."

ಅವನು ಎದ್ದ. ಅವಳು ಬಿಂದಿಗೆ ಬಗ್ಗಿಸಿ, ಕೈಯಲ್ಲೇ ಉಜ್ಜಿ ಉಜ್ಜಿ ತೊಳೆದಳು, ನೀರು ಸಿಮೆಂಟಿನ ತೇಪೆಯ ಮೇಲಿಂದ ಇಳಿದು ಬೇರಿನ ಕಡೆ ಹೋಯಿತು. "ದೀಪ ಎಲ್ಲಿಕ್ಕಲಿ?" ಎಂದು ಕೇಳಿದಳು, ಅವನ ಕಡೆ ನೋಡದೆ. ಅವನು ಪ್ಯಾಂಟಿನ ಹಿಂದಿನ ಧೂಳು ಕೊಡವಿಕೊಳ್ಳಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹಾಗೇ ರಸ್ತೆಗೆ ನಡೆದ.

ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಖಾಲಿಯೇ ಇತ್ತು. ಅವನು ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತ. ಬಸ್ಸು ಹೊರಡುವಷ್ಟರಲ್ಲಿ ಫೋನು ಬಂತು, ವೆಂಕಟರತ್ನಮ್ಮ.

"ಹೇಳಿದ್ರಾ?"

"ಹೂಂ."

"ಏನಂದ್ರು?"

"ಉಳಿಸ್ಕೋತಾರಂತೆ. ಬರ್ದೂ ಕೊಟ್ರು."

ಆ ಕಡೆ ಅವಳು ಅಳುತ್ತಿದ್ದಳು. "ನಾನು ಹೇಳ್ಲಿಲ್ವಾ," ಎಂದಳು. "ಬಾಯಿಬಿಟ್ಟು ಹೇಳಿದ್ರೆ ಯಾರು ಬ್ಯಾಡ ಅಂತಾರೆ. ಅತ್ತೆ ಇನ್ನು ನೆಮ್ದಿಯಾಗಿ ಮಲಗ್ಲಿ. ಯಾರೂ ಎಬ್ಬಿಸಲ್ಲ ತಾನೆ?"

"ಯಾರೂ ಎಬ್ಬಿಸಲ್ಲ."

ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು, "ಕೂತ್ಕೊಳ್ಳಿ ಯಜಮಾನ್ರೆ, ಸೀಟೆಲ್ಲಾ ಖಾಲಿ ಐತೆ" ಎಂದ. ಅಶ್ವತ್ಥಪ್ಪ ಪರವಾಗಿಲ್ಲ ಎಂದ. ಕಂಡಕ್ಟರ್ ಹಿಂದೆ ಹೋಗಿ ಮುಂದೆ ಬಂದಾಗ ಮತ್ತೆ ಹೇಳಿದ. ಆಮೇಲೆ ಹೇಳಲಿಲ್ಲ. ಕೋಲಾರ ಬರುವ ತನಕ ಅವನು ನಿಂತೇ ಇದ್ದ.